ಊರಿನ ಋಣ, ಪೀಠದ ಘನತೆ

ಚುನಾವಣೆ ಬಂದಾಗಲೆಲ್ಲ ನಮ್ಮ ಹಳ್ಳಿಗಳಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: "ನಿಮ್ಮ ಮನೆಮಗನಿಗೆ ಮತ ನೀಡಿ." ಮನೆಮಗ ಎಂಬ ಪದದಲ್ಲಿ ಪ್ರೀತಿಯಿದೆ, ಅದರೊಡನೆ ಲೆಕ್ಕಾಚಾರವೂ ಇದೆ. ಗೆದ್ದು ಹೋದವನು ನಮ್ಮ ಊರಿಗೆ ರಸ್ತೆ ತರಬೇಕು, ನೀರು ತರಬೇಕು, ನಮ್ಮವರ ಕೆಲಸ ಮಾಡಿಸಿಕೊಡಬೇಕು ಎಂಬ ನಿರೀಕ್ಷೆ ಅದರ ಹಿಂದಿರುತ್ತದೆ. ಆ ಮನೆಮಗ ಕೇಂದ್ರದ ಮಂತ್ರಿಯಾದಾಗ, ರಾಜ್ಯಪಾಲನಾದಾಗ, ರಾಷ್ಟ್ರಪತಿಯ ಪೀಠದಲ್ಲಿ ಕುಳಿತಾಗ ಯಾರ ಮನೆಗೆ ಸೇರಿದವನಾಗುತ್ತಾನೆ? ಹೊಳೆಗಳ ಮೂಲದಲ್ಲಿ ಬದುಕುವ ನಮಗೆ ಈ ಪ್ರಶ್ನೆ ಬಹಳ ಮುಖ್ಯವಾದುದು. ಯಾವುದೋ ಕ್ಷೇತ್ರದ ಮೇಲಿನ ಯಾರದೋ ಪ್ರೀತಿ, ಕೊನೆಗೆ ನಮ್ಮ ಕಾಡಿನಲ್ಲಿ ಸುರಂಗವಾಗಿಯೋ ಕೊಳವೆ ಮಾರ್ಗವಾಗಿಯೋ ಬಂದಿಳಿಯುವುದನ್ನು ನಾವು ಕಂಡಿದ್ದೇವೆ.

ಈ ಪ್ರಶ್ನೆಯನ್ನು ಪರಿಶೀಲಿಸಲು ಕೃಷ್ಣಾ ತೀರದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಗಿಂತ ತಕ್ಕ ಸ್ಥಳ ಬೇರೊಂದಿಲ್ಲ. ಅವು ದೂರದ ಬಯಲುಸೀಮೆಯ ಊರುಗಳು, ನಮಗೂ ಅವಕ್ಕೂ ಸಂಬಂಧವಿಲ್ಲ ಎಂದು ಓದುಗರು ಭಾವಿಸಬಾರದು. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ; ಮುಧೋಳದ ಹೊಲಗಳಿಗೆ ನೀರುಣಿಸುವ ಘಟಪ್ರಭೆಯೂ ಸಹ್ಯಾದ್ರಿಯ ಮಗಳೇ.

ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರಲ್ಲಿ ಜನಿಸಿದ ಬಸಪ್ಪ ದಾನಪ್ಪ ಜತ್ತಿಯವರು ತಮ್ಮ ಸಾರ್ವಜನಿಕ ಜೀವನವನ್ನು ಆರಂಭಿಸಿದ್ದು ಜಮಖಂಡಿಯ ಪುರಸಭೆಯಲ್ಲಿ. ಅನಂತರ ಜಮಖಂಡಿ ಸಂಸ್ಥಾನದ ಮಂತ್ರಿಯಾದರು, ಮುಖ್ಯಮಂತ್ರಿಯಾದರು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡ ಮೇಲೆ ಅಲ್ಲಿಯ ಶಾಸನಸಭೆ ಸೇರಿದರು. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, ಮುಂದೆ ಪಾಂಡಿಚೇರಿಯ ಉಪರಾಜ್ಯಪಾಲ, ಒಡಿಶಾದ ರಾಜ್ಯಪಾಲ, 1974ರಲ್ಲಿ ಉಪರಾಷ್ಟ್ರಪತಿ. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ನಿಧನರಾದಾಗ, ಅಂದಿನಿಂದ ಜುಲೈ 25ರವರೆಗೆ ಜತ್ತಿಯವರೇ ಹಂಗಾಮಿ ರಾಷ್ಟ್ರಪತಿಗಳು. ಪುರಸಭೆಯಿಂದ ರಾಷ್ಟ್ರಪತಿ ಭವನದವರೆಗಿನ ಇಂಥ ಪಯಣ ನಮ್ಮ ನಾಡಿನಲ್ಲಿ ಮತ್ತೊಂದಿಲ್ಲ.

ಅವರು ತಮ್ಮ ಊರಿಗೆ ಏನು ಮಾಡಿದರು ಎಂದು ಇಂದಿಗೂ ಕೆಲವರು ಕೇಳುವುದುಂಟು. ಉತ್ತರ ಜಮಖಂಡಿಯಲ್ಲಿ ಮಾತ್ರ ಸಿಗುವುದಿಲ್ಲ. ರಾಜ್ಯಗಳ ಪುನರ್ವಿಂಗಡಣೆಯ ಬಳಿಕ ಗೇಣಿ ಮತ್ತು ಭೂ ಕಾನೂನುಗಳನ್ನು ಪರಿಶೀಲಿಸಲು ನೇಮಕವಾದ ಸಮಿತಿಗೆ ಜತ್ತಿಯವರು ಅಧ್ಯಕ್ಷರಾಗಿದ್ದರು. ಐದು ಬೇರೆ ಬೇರೆ ಆಡಳಿತಗಳಿಂದ ಬಂದ ಪ್ರದೇಶಗಳಿಗೆ ಏಕರೂಪದ ಭೂ ಕಾಯಿದೆಯೊಂದನ್ನು ರೂಪಿಸುವುದು ಅದರ ಹೊಣೆಯಾಗಿತ್ತು. 1961ರ ಭೂ ಸುಧಾರಣಾ ಕಾಯಿದೆ ಆ ವರದಿಯ ತಳಹದಿಯ ಮೇಲೆ ಬಂದಿತು. ಕಾಯಿದೆ ಮೃದುವಾಗಿತ್ತು, ಒಡೆಯನು ಸ್ವಂತ ಸಾಗುವಳಿಗೆಂದು ಭೂಮಿ ಹಿಂಪಡೆಯಲು ಅವಕಾಶ ಉಳಿಸಿತ್ತು. ಗೇಣಿ ಪದ್ಧತಿಯ ಬೇರು ಕಿತ್ತದ್ದು ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ತಿದ್ದುಪಡಿ. ಆದರೂ ಒಂದು ಅಂಶವನ್ನು ನಾವು ಗಮನಿಸಬೇಕು. ಜಮಖಂಡಿಯ ಗೇಣಿದಾರನಿಗೆ ಯಾವ ಕಾಯಿದೆಯೋ, ಶಿರಸಿಯ, ಸಾಗರದ, ತೀರ್ಥಹಳ್ಳಿಯ ಗೇಣಿದಾರನಿಗೂ ಅದೇ ಕಾಯಿದೆ. ಒಂದು ಊರಿನವನು ತನ್ನ ಊರಿನ ಋಣ ತೀರಿಸಲು ಇದಕ್ಕಿಂತ ಗೌರವದ ದಾರಿ ಯಾವುದಿದೆ?

ಪೀಠದ ಘನತೆಯ ಪರೀಕ್ಷೆ ಬಂದದ್ದು 1977ರ ಏಪ್ರಿಲ್‌ನಲ್ಲಿ. ಅಧಿಕಾರಕ್ಕೆ ಬಂದಿದ್ದ ಜನತಾ ಸರ್ಕಾರ, ಕಾಂಗ್ರೆಸ್ ಆಡಳಿತವಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವಂತೆ ಹಂಗಾಮಿ ರಾಷ್ಟ್ರಪತಿಗೆ ಸಲಹೆ ನೀಡಿತು. ಅವುಗಳಲ್ಲಿ ಕೆಲವು ರಾಜ್ಯಗಳು ಹೂಡಿದ್ದ ದಾವೆಗಳನ್ನು ಸರ್ವೋಚ್ಚ ನ್ಯಾಯಾಲಯ ಏಪ್ರಿಲ್ 29ರಂದು ತಳ್ಳಿಹಾಕಿತ್ತು. ಜತ್ತಿಯವರು ಒಡನೆಯೇ ಸಹಿ ಹಾಕಲಿಲ್ಲ, ಮರುದಿನ ಹಾಕಿದರು. ಹಳೆಯ ಪಕ್ಷದ ಮೇಲಿನ ಮಮತೆ ಎಂದು ಕೆಲವರು ಟೀಕಿಸಿದರು. ರಾಷ್ಟ್ರಪತಿ ಮೊಹರಿನಂತೆ ಒತ್ತುವ ವಸ್ತುವಲ್ಲ ಎಂದು ಕೆಲವರು ಸಮರ್ಥಿಸಿದರು. ಅವರ ಮನಸ್ಸಿನಲ್ಲಿ ಏನಿತ್ತೆಂದು ನಿರ್ಣಯಿಸುವುದು ನಮ್ಮ ಕೆಲಸವಲ್ಲ. ಮರುವರ್ಷ, 1978ರಲ್ಲಿ, ಸಂವಿಧಾನದ 44ನೆಯ ತಿದ್ದುಪಡಿಯು ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸುವ ಹಕ್ಕನ್ನು ರಾಷ್ಟ್ರಪತಿಗೆ ನೀಡಿತು. ಮತ್ತೆ ಅದೇ ಸಲಹೆ ಬಂದರೆ ಒಪ್ಪಲೇಬೇಕು. ತಡೆದು ಯೋಚಿಸುವುದು ತಪ್ಪಲ್ಲ, ತಡೆದೇ ನಿಲ್ಲುವುದು ಸಲ್ಲದು ಎಂಬ ಮರ್ಯಾದೆ ಹೀಗೆ ಶಾಸನವಾಯಿತು.

ಇದೇ ನೆಲ ಇನ್ನೊಂದು ಪಾಠವನ್ನೂ ಕಲಿಸುತ್ತದೆ. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಬಳಿ ರೈತರು ತಾವೇ ಹಣ ಕೂಡಿಸಿ, ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿಕೊಂಡರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಾಯಿತು. ಅದರ ಮುಂದಾಳು ಸಿದ್ದು ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಿಂದ ಗೆದ್ದರು. ಸೋತವರು ನಮ್ಮ ಸಿದ್ದಾಪುರದ ದೊಡ್ಮನೆಯವರಾದ ರಾಮಕೃಷ್ಣ ಹೆಗಡೆಯವರು. ದೇಶವೇ ಬಲ್ಲ ಮಾಜಿ ಮುಖ್ಯಮಂತ್ರಿಗಿಂತ, ತಮ್ಮ ಹೊಳೆಯಲ್ಲಿ ತಮ್ಮೊಡನೆ ನಿಂತವನನ್ನು ಜನ ಆರಿಸಿಕೊಂಡರು. ಆ ಆಯ್ಕೆಯನ್ನು ಸಂಕುಚಿತವೆಂದು ಕರೆಯಲು ನಮಗೆ ಮನಸ್ಸಿಲ್ಲ. ನ್ಯಾಮಗೌಡರಿಗೆ ಕೇಂದ್ರದಲ್ಲಿ ದೊರೆತದ್ದು ಕಲ್ಲಿದ್ದಲು ಖಾತೆಯ ರಾಜ್ಯ ಸಚಿವ ಸ್ಥಾನ. ಕೃಷ್ಣಾ ತೀರದಲ್ಲಿ ಕಲ್ಲಿದ್ದಲಿಲ್ಲ. ಊರಿನ ಕೆಲಸದಿಂದ ಹೆಸರು ಪಡೆದವನ ಮುಂದೆ ದೇಶದ ಕೆಲಸ ಬಂದು ನಿಲ್ಲುವುದು ಹೀಗೆಯೇ.

ಹೊಳೆಗೆ ಅಡ್ಡಗಟ್ಟೆ ಬಂದ ಮೇಲೆ ಹೊಲಕ್ಕೆ ನೀರು ಬಂದಿತು, ಕಬ್ಬು ಬಂದಿತು, ಸಕ್ಕರೆ ಕಾರ್ಖಾನೆಗಳು ಬಂದವು. ಆಳವಾದ ಎರೆಭೂಮಿಗೆ ಬಸಿಗಾಲುವೆಯಿಲ್ಲದೆ ವರ್ಷವಿಡೀ ನೀರು ಹಾಯಿಸಿದರೆ ಅಂತರ್ಜಲದ ಮಟ್ಟ ಮೇಲೇರುತ್ತದೆ. ನೀರಿನೊಡನೆ ಲವಣವೂ ಮೇಲೇರಿ, ನೀರು ಆವಿಯಾದ ಬಳಿಕ ಮಣ್ಣಿನ ಮೇಲ್ಪದರದಲ್ಲಿ ಉಳಿಯುತ್ತದೆ. ಅಲ್ಲಿಯ ರೈತರು ಇದನ್ನು ಸವಳು-ಜವಳು ಎನ್ನುತ್ತಾರೆ. ಪರಿಹಾರ ಗೊತ್ತಿಲ್ಲದ್ದೇನಲ್ಲ: ನೀರಿನ ಮಿತಿ, ಹನಿ ನೀರಾವರಿ, ಬಸಿಗಾಲುವೆ, ಬೆಳೆ ಪರಿವರ್ತನೆ, ಹಸಿರೆಲೆ ಗೊಬ್ಬರ. ಆದರೆ "ಇನ್ನಷ್ಟು ನೀರು ತರುತ್ತೇನೆ" ಎಂದವನಿಗೆ ಸಿಗುವ ಚಪ್ಪಾಳೆ, "ಇರುವ ನೀರನ್ನು ಕಡಿಮೆ ಬಳಸಿರಿ" ಎಂದವನಿಗೆ ಸಿಗುವುದಿಲ್ಲ. ತನ್ನ ಮತದಾರನಿಗೆ ಅಪ್ರಿಯವಾದ ಸತ್ಯವನ್ನು ಹೇಳಬಲ್ಲವನು ಮಾತ್ರ ಕ್ಷೇತ್ರಕ್ಕೂ ಪೀಠಕ್ಕೂ ಏಕಕಾಲದಲ್ಲಿ ನಿಷ್ಠನಾಗಿರಬಲ್ಲ.

ಆಲಮಟ್ಟಿಯ ಕಥೆಯೂ ಇದನ್ನೇ ಹೇಳುತ್ತದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟನ್ನು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದರು. ಈ ನಡುವೆ ಹಳೆಯ ಬಾಗಲಕೋಟೆಯ ಬಹುಭಾಗ ಹಾಗೂ ಬೀಳಗಿ ಸೀಮೆಯ ಹಲವು ಹಳ್ಳಿಗಳು ಹಿನ್ನೀರಿನ ಪಾಲಾದವು. ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ನ್ಯಾಯಾಧಿಕರಣ ಸಮ್ಮತಿಸಿತು; ಅಲ್ಲಿಂದೀಚೆಗೆ ಮತ್ತೊಂದು ಮುಳುಗಡೆಯ ನೆರಳಲ್ಲಿ ಆ ಜನ ಬದುಕಿದ್ದಾರೆ. 2005ರಲ್ಲಿ, 2019ರಲ್ಲಿ ಕೃಷ್ಣೆ ಉಕ್ಕಿದಾಗ ಸಾಂಗ್ಲಿಯ ನಾಯಕರು ಆಲಮಟ್ಟಿಯತ್ತ ಬೆರಳು ಮಾಡಿದರು, ಈಚೆಯ ನಾಯಕರು ಮೇಲಿನ ಜಲಾಶಯಗಳತ್ತ ಮಾಡಿದರು. ಅದೇ ನೆರೆಯಲ್ಲಿ ಆಚೆಯ ರೈತನೂ ಮುಳುಗಿದ, ಈಚೆಯ ರೈತನೂ ಮುಳುಗಿದ.

ಇನ್ನು ನಮ್ಮ ಬೆಟ್ಟಗಳ ಕಡೆ ನೋಡೋಣ. ಸಕಲೇಶಪುರದ ಕಾಡಿನಿಂದ ಎತ್ತಿನಹೊಳೆಯ ನೀರನ್ನು ಕೋಲಾರ, ಚಿಕ್ಕಬಳ್ಳಾಪುರಗಳಿಗೆ ಒಯ್ಯುವ ಯೋಜನೆಯನ್ನು ಬಲವಾಗಿ ಪ್ರತಿಪಾದಿಸಿದವರಲ್ಲಿ ಚಿಕ್ಕಬಳ್ಳಾಪುರದ ಅಂದಿನ ಸಂಸದ ವೀರಪ್ಪ ಮೊಯಿಲಿಯವರೂ ಒಬ್ಬರು. 2013ರ ಡಿಸೆಂಬರ್‌ನಿಂದ 2014ರ ಮೇ ತಿಂಗಳವರೆಗೆ ಕೇಂದ್ರದ ಪರಿಸರ ಖಾತೆಯೂ ಅವರ ಕೈಯಲ್ಲಿಯೇ ಇತ್ತು. ಬರದಲ್ಲಿ ಬೆಂದ ಆ ಜಿಲ್ಲೆಗಳ ಬಾಯಾರಿಕೆ ಸತ್ಯ. ಅದಕ್ಕಾಗಿ ಮಾತನಾಡುವುದು ಸಂಸದನ ಕರ್ತವ್ಯ. ಸಹ್ಯಾದ್ರಿಯ ಕಾಡನ್ನು ಕಾಯುವುದು ಪರಿಸರ ಮಂತ್ರಿಯ ಕರ್ತವ್ಯ. ಒಬ್ಬರೇ ವ್ಯಕ್ತಿ ವಾದಿಯೂ ಆಗಿ, ಕಾವಲುಗಾರನೂ ಆಗಿ ನಿಂತಾಗ, ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಹೊಳೆಯ ಪರವಾಗಿ ಕೇಳಬೇಕಾದ ಪ್ರಶ್ನೆಯನ್ನು ಕೇಳುವವರು ಯಾರು? ಮಂತ್ರಿಯಾಗುವವನು ರಾಗದ್ವೇಷಗಳಿಲ್ಲದೆ ನಡೆಯುವೆನೆಂದು ಪ್ರಮಾಣ ಮಾಡುತ್ತಾನೆ. ದ್ವೇಷವನ್ನು ಬಿಡಬೇಕೆಂಬುದನ್ನು ನಾವೆಲ್ಲ ಬಲ್ಲೆವು. ರಾಗವನ್ನೂ ಬಿಡಬೇಕೆಂಬುದನ್ನು, ಅದರಲ್ಲಿ ತನ್ನೂರಿನ ಮೇಲಣ ರಾಗವೂ ಸೇರುತ್ತದೆಂಬುದನ್ನು ಮರೆಯುತ್ತೇವೆ.

ಬೇಡ್ತಿ-ವರದಾ ಜೋಡಣೆಯ ಪ್ರಸ್ತಾಪ ಮರಳಿ ಮರಳಿ ಬರುತ್ತಿರುವ ಈ ದಿನಗಳಲ್ಲಿ ನಾವು ನಮ್ಮ ಪ್ರತಿನಿಧಿಗಳಿಂದ ಬಯಸಬೇಕಾದದ್ದು ಇಷ್ಟೇ. ಶಿರಸಿಯಲ್ಲಿ ಆಡಿದ ಮಾತನ್ನೇ ಹಾವೇರಿಯಲ್ಲೂ ಬೆಂಗಳೂರಿನಲ್ಲೂ ದೆಹಲಿಯಲ್ಲೂ ಆಡಲಿ. ಯೋಜನೆಯ ಪೂರ್ಣ ವಿವರ, ಲಾಭದ ಲೆಕ್ಕದ ಜೊತೆಗೆ ನಷ್ಟದ ಲೆಕ್ಕವೂ, ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಬರಲಿ. ತನ್ನ ಕ್ಷೇತ್ರಕ್ಕೆ ನೇರ ಲಾಭ ತರುವ ಕಡತ ಮೇಜಿಗೆ ಬಂದಾಗ, ಅಧಿಕಾರದಲ್ಲಿರುವವನು ಆ ತೀರ್ಮಾನವನ್ನು ಮತ್ತೊಬ್ಬರಿಗೆ ಬಿಟ್ಟುಕೊಡಲಿ.

ಇಷ್ಟನ್ನು ಕೇಳುವ ಹಕ್ಕು ನಮಗೆ ದೊರೆಯಬೇಕಾದರೆ ನಮ್ಮ ನಡತೆಯೂ ಅದಕ್ಕೆ ತಕ್ಕಂತಿರಬೇಕು. ಬೇರೆಯವರ ಯೋಜನೆಗೆ ನಿಯಮ ತೋರಿಸಿ, ನಮ್ಮ ಬೇಣದ ಅತಿಕ್ರಮಣಕ್ಕೆ, ನಮ್ಮವರ ವರ್ಗಾವಣೆಗೆ ಮಂತ್ರಿಯ ಮನೆ ಬಾಗಿಲಲ್ಲಿ ನಿಂತರೆ ಆ ಮಾತಿಗೆ ತೂಕವಿರುವುದಿಲ್ಲ. ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಯುವಕ ಯುವತಿಯರಲ್ಲಿ ಒಂದು ವಿನಂತಿ. ಮುಂದಿನ ಬಾರಿ ಮತ ಕೇಳಲು ಬಂದವರನ್ನು "ನಮಗೇನು ತರುವಿರಿ?" ಎಂದು ಕೇಳಿರಿ, ತಪ್ಪಿಲ್ಲ. ಅದರ ಬೆನ್ನಿಗೇ "ಅದನ್ನು ಯಾರಿಂದ ತರುವಿರಿ?" ಎಂದೂ ಕೇಳಿರಿ.