ಲ್ಯಾಬಿನ ಬಾಗಿಲು ತೆರೆಯಿರಿ

ನಾನು ಇಳಕಲ್‌ನ ನೇಕಾರರ ಮನೆಯ ಹುಡುಗ, ಪಿಯುಸಿ ವಿದ್ಯಾರ್ಥಿ. ಓಣಿಯಲ್ಲಿ ಯಾರ ವಾಟ್ಸ್‌ಆ್ಯಪ್ ನಿಂತರೂ, ಯಾರು ಯುಪಿಐ ಪಿನ್ ಮರೆತರೂ, ‘ತಮ್ಮಾ, ಇದೊಂಚೂರು ನೋಡೋ’ ಎಂದು ನನ್ನ ಹತ್ತಿರವೇ ಬರುತ್ತಾರೆ. ಅದೇ ನಾನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಫೋನ್ ಹಿಡಿದರೆ, ‘ಯಾವಾಗ ನೋಡಿದ್ರೂ ಮೊಬೈಲ್‌ನ್ಯಾಗ ಇರ್ತಾನ’ ಎಂಬ ಬೈಗುಳ.

ಫೋನಿನ ಪುಟ್ಟ ಪರದೆಯಲ್ಲಿ ಕೋಡ್ ಬರೆಯುವುದು ಶಿಕ್ಷೆಯೇ ಸರಿ. ಪೈಥಾನ್‌ನಲ್ಲಿ ಸಾಲಿನ ಮೊದಲಿನ ಖಾಲಿ ಜಾಗ ತಪ್ಪಿದರೂ ಪ್ರೋಗ್ರಾಂ ಓಡುವುದಿಲ್ಲ. ನಾನು ಓದಿದ ಶಾಲೆಯಲ್ಲಿ ಕಂಪ್ಯೂಟರ್‌ಗಳಿದ್ದವು, ಕೋಣೆಗೆ ಕೀಲಿಯೂ ಇತ್ತು. ‘ಕೆಟ್ಟರೆ ಯಾರು ಜವಾಬ್ದಾರಿ?’ ಎಂದು ಕೇಳುತ್ತಿದ್ದರು. ಯಾರೂ ಮುಟ್ಟದೆ, ಧೂಳು ತಿಂದೇ ಅವು ಕೆಟ್ಟವು.

ನೇಕಾರರಿಗೆ ಕೋಡ್ ಬರೆಯುವ ವಿದ್ಯೆ ಪರಕೀಯವಲ್ಲ. ಫ್ರಾನ್ಸಿನ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಮಗ್ಗದಲ್ಲಿ ಯಾವ ಎಳೆ ಮೇಲೇಳಬೇಕೆಂದು ಹೇಳುವುದು ತೂತು ಹೊಡೆದ ರಟ್ಟು. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಇಲ್ಲ. ಅದೇ ಉಪಾಯವನ್ನು ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ಬಳಸಿದ. ಸೀರೆಯ ಒಡಲಿನ ಹಾಸು ಎಳೆಗಳಿಗೆ ಸೆರಗಿನ ಹಾಸು ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವ ನಮ್ಮ ಹಿರಿಯರಿಗೆ ಇಂಥ ಲೆಕ್ಕಾಚಾರ ಬೆರಳ ತುದಿಯಲ್ಲಿದೆ. ಅದನ್ನು ಮಕ್ಕಳಿಗೆ ಕನ್ನಡದಲ್ಲೇ ಬಿಡಿಸಿ ಹೇಳುವವರು ಬೇಕು.

ಬಾಗಲಕೋಟೆಯಲ್ಲಿ 1963ರಿಂದಲೇ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳು ರಜೆಯಲ್ಲಿ ಬಾದಾಮಿ, ಹುನಗುಂದ, ಇಳಕಲ್‌ನ ಶಾಲೆಗಳಿಗೆ ಬಂದು ಕಲಿಸಲಿ. ಮುಖ್ಯೋಪಾಧ್ಯಾಯರೇ, ದಿನಕ್ಕೊಂದು ತಾಸಾದರೂ ಲ್ಯಾಬ್ ತೆರೆದಿಡಿ. ಕೆಟ್ಟರೆ ರಿಪೇರಿ ಮಾಡುವುದನ್ನೂ ನಾವೇ ಕಲಿಯುತ್ತೇವೆ.