ಗೆದ್ದವರ ಜಾಣತನ, ಸೋತವರ ಹಣೆಬರಹ

2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದಾಗ ನಮ್ಮ ರೂಮಿನಲ್ಲಿ ಯಾರೂ ಮಲಗಲಿಲ್ಲ. ಮರುದಿನ ಬೆಂಗಳೂರಿನಿಂದ ಬಂದ ಸಾವಿನ ಸುದ್ದಿ ಆ ಸಂತೋಷವನ್ನು ನುಂಗಿಹಾಕಿತು. ಅದಕ್ಕೂ ಮೊದಲು, ಆ ಗದ್ದಲದ ನಡುವೆ ಕುಂದಾಪುರದ ಹುಡುಗನೊಬ್ಬ ಕೇಳಿದ್ದ: "ಅಣ್ಣ, 2008ರಲ್ಲಿ 11.16 ಕೋಟಿ ಡಾಲರ್ ಕೊಟ್ಟು ಟೀಮ್ ಕೊಂಡ ಮಲ್ಯರಿಗೆ ಕಪ್ ಎತ್ತುವ ಯೋಗ ಇರಲಿಲ್ಲ ಅಲ್ವಾ?"

ಯೋಗ! ಆ ಮಾತಿಗೆ ನನಗೆ ನೆನಪಾದದ್ದು ಐರ್ಲೆಂಡಿನ ಒಂದು ಕಥೆ.

2006ರಲ್ಲಿ ಐರ್ಲೆಂಡಿನ ಮಾಜಿ ಫುಟ್‌ಬಾಲ್ ಆಟಗಾರ ನಿಯಾಲ್ ಕ್ವಿನ್ ತಮ್ಮ ದೇಶದ ಕೆಲವು ಶ್ರೀಮಂತರನ್ನು ಒಟ್ಟುಗೂಡಿಸಿದರು. ಹೆಚ್ಚಿನವರು ಕಟ್ಟಡ ಕಟ್ಟುವವರು, ಪಬ್ ನಡೆಸುವವರು. 'ಡ್ರಮವಿಲ್' ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಕ್ಲಬ್ ಕೊಂಡರು. ಆ ಕ್ಲಬ್ ಹಿಂದಿನ ಸೀಸನ್ನಿನಲ್ಲಿ ಬರೀ 15 ಅಂಕ ಗಳಿಸಿ ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಬಿದ್ದಿತ್ತು. ಕ್ವಿನ್ ತಾವೇ ಮ್ಯಾನೇಜರ್ ಆಗಿ ಲೀಗ್‌ನ ಮೊದಲ ನಾಲ್ಕು ಪಂದ್ಯ ಸೋತರು. ಆಮೇಲೆ, 2002ರ ವಿಶ್ವಕಪ್ ಸಮಯದ ಮನಸ್ತಾಪ ಮರೆತು ರಾಯ್ ಕೀನ್‌ರನ್ನು ಕರೆತಂದರು. 2007ರಲ್ಲಿ ತಂಡ ಚಾಂಪಿಯನ್ ಆಗಿ ಮತ್ತೆ ಪ್ರೀಮಿಯರ್ ಲೀಗ್ ಏರಿತು. ಮಾಲೀಕರು ಜಾಣರೆನಿಸಿಕೊಂಡರು.

2008 ಬಂತು. ಐರ್ಲೆಂಡಿನ ಮನೆ-ಜಾಗದ ಬೆಲೆ ಕುಸಿಯಿತು. ಸೆಪ್ಟೆಂಬರ್ ಕೊನೆಗೆ ಸರ್ಕಾರವೇ ಬ್ಯಾಂಕುಗಳ ಸಾಲಕ್ಕೆ ಜಾಮೀನು ನಿಲ್ಲಬೇಕಾಯಿತು; 2010ರಲ್ಲಿ ದೇಶವೇ ಐಎಂಎಫ್ ಮುಂದೆ ಕೈಚಾಚಿತು. ಡ್ರಮವಿಲ್‌ನವರ ಪಾಲು ಅಮೆರಿಕದ ಎಲಿಸ್ ಶಾರ್ಟ್ ಕೈಗೆ ಹೋಯಿತು. ಎರಡು ವರ್ಷದಲ್ಲಿ ಆ ಜನರ ಬುದ್ಧಿಯೇನೂ ಬದಲಾಗಿರಲಿಲ್ಲ. ಬದಲಾದದ್ದು ಗಾಳಿ.

ಆ ಗಾಳಿ ಇಲ್ಲಿಗೂ ಬೀಸಿತ್ತು. ದುಬೈಯಲ್ಲಿ ಕ್ರೇನುಗಳು ನಿಂತದ್ದು ಹಳಬರಿಗೆ ನೆನಪಿರಬಹುದು. 2007ರಲ್ಲಿ ನಾನು ಒಂದು ಫ್ಲ್ಯಾಟಿಗೆ ಮುಂಗಡ ಕೊಟ್ಟೆ. ಬಂಟ್ವಾಳದ ಗೆಳೆಯನನ್ನೂ ಬಾ ಎಂದು ಪೀಡಿಸಿದೆ. ತಂಗಿಯ ಮದುವೆಯಿದೆ ಎಂದು ಅವನು ಬರಲಿಲ್ಲ. ಮರುವರ್ಷ ಕಟ್ಟಡ ನಿಂತಿತು, ನನ್ನ ಕೆಲಸವೂ ಹೋಯಿತು. ಬರಿಗೈಯಲ್ಲಿ ಊರಿಗೆ ಹೋದರೆ, "ಅವನು ಬುದ್ಧಿವಂತ, ಇವನಿಗೆ ದುರಾಸೆ" ಎಂದರು. ಅಪ್ಪ ಒಂದು ತಿಂಗಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಗೆಳೆಯ ಮಾತ್ರ ನಕ್ಕುಬಿಟ್ಟ: "ಎಂಥ ಬುದ್ಧಿ ಮಾರಾಯ, ನನ್ನ ಹತ್ತಿರ ದುಡ್ಡಿರಲಿಲ್ಲ, ಅಷ್ಟೇ."

ಗೆದ್ದವರಲ್ಲಿ ಇಷ್ಟು ಪ್ರಾಮಾಣಿಕವಾಗಿ ಹೇಳುವವರು ಅಪರೂಪ.

ದುಬೈ ಡ್ಯೂಟಿ ಫ್ರೀಗೂ ಐರ್ಲೆಂಡಿಗೂ ನಂಟಿದೆ. 1983ರಲ್ಲಿ ಅದನ್ನು ಕಟ್ಟಲು ನೆರವಾದ ಐರಿಷ್ ತಂಡದಲ್ಲಿದ್ದ ಕಾಮ್ ಮೆಕ್‌ಲಾಕ್ಲಿನ್ ಬಂದದ್ದು ಆರು ತಿಂಗಳ ಕೆಲಸಕ್ಕೆ, ಉಳಿದದ್ದು ನಾಲ್ಕು ದಶಕ. "ಎರಡೇ ವರ್ಷ" ಎಂದು ಹೇಳಿ ಬಂದ ನಮ್ಮ ಹಾಗೆಯೇ! ಅಲ್ಲಿಯ ಹತ್ತು ಲಕ್ಷ ಡಾಲರಿನ ಲಾಟರಿ ಟಿಕೆಟಿಗೆ 1,000 ದಿರ್ಹಮ್. ಒಂದು ಸರಣಿಯಲ್ಲಿ 5,000 ಟಿಕೆಟ್. ಒಬ್ಬರು ಗೆಲ್ಲುತ್ತಾರೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಉಳಿದ 4,999 ಜನರ ಫೋಟೋ ಬರುವುದಿಲ್ಲ.

ಹಣವಂತ ಒಂದು ಟೀಮಿನಲ್ಲಿ ಕಳೆದುಕೊಂಡರೂ ಇನ್ನೊಂದು ವ್ಯಾಪಾರದಲ್ಲಿ ಏಳಲು ನೋಡಬಹುದು. ನಮಗಿರುವುದು ಒಂದೇ ಸಂಬಳ, ಒಂದೇ ವೀಸಾ. ಹಾಗಾಗಿ ಕುಂದಾಪುರದ ಹುಡುಗನಿಗೆ ಹೇಳಿದೆ: ಟಿಕೆಟಿಗೆ ಪಾಲು ಹಾಕುವುದಾದರೆ ಹಾಕು, ಊರಿಗೆ ಕಳಿಸುವ ದುಡ್ಡನ್ನು ಮಾತ್ರ ಮುಟ್ಟಬೇಡ.

ಮತ್ತೊಂದು ಮಾತು ನಮಗೆಲ್ಲರಿಗೂ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ, ಬರಿಗೈಯಲ್ಲಿ ಮರಳಿದ ಯಾರಾದರೂ ಕಂಡರೆ ದಡ್ಡ ಎನ್ನಬೇಡಿ. ಅವನ ಹೆಗಲ ಮೇಲೆ ಕೈಯಿಟ್ಟು ಒಂದು ಚಹಾ ಕುಡಿಸಿ. ಅವನು ಹತ್ತಿದ ವಿಮಾನದಲ್ಲೇ ನಾವೂ ಬಂದದ್ದು.