ಹಡಗು ಬಂದರೆ ಬೆಳ್ಳುಳ್ಳಿ

ಕೆರಿಬಿಯನ್ ಎಂದೊಡನೆ ಊರಿನವರ ಕಣ್ಣಿಗೆ ಕಟ್ಟುವುದು ಬಿಳಿ ಮರಳು, ನೀಲಿ ನೀರು ಮತ್ತು ಕ್ರಿಕೆಟ್. ಸಂಸಾರ ಸಮೇತ ಬಾರ್ಬಡೋಸ್‌ಗೆ ಬಂದು ನೆಲೆಸಿದ ಮೇಲೆ ನನ್ನ ಗಮನವೆಲ್ಲ ಹಡಗಿನ ಮೇಲೆ. ಅಂಗಡಿಯಲ್ಲಿ ಬೆಳ್ಳುಳ್ಳಿ, ಬಟಾಟೆ ಧಾರಾಳವಾಗಿದ್ದರೆ ಹಡಗು ಬಂದಿದೆ. ಬುಟ್ಟಿಯ ತಳ ಕಾಣುತ್ತಿದ್ದರೆ ಇನ್ನೂ ಬಂದಿಲ್ಲ. ಬಂದರೂ ಬೆಲೆ ಕೇಳಬೇಡಿ, ಒಂದು ಹೂಕೋಸಿನ ದುಡ್ಡಿಗೆ ಉಡುಪಿಯಲ್ಲಿ ಎರಡು ದಿನದ ತರಕಾರಿ ಬರುತ್ತದೆ.

ಈ ದ್ವೀಪದ ಉದ್ದ 34 ಕಿ.ಮೀ., ಅಗಲ 23 ಕಿ.ಮೀ. ಉಡುಪಿಯಿಂದ ಕುಂದಾಪುರಕ್ಕೆ ಹೋಗುವಷ್ಟೂ ಇಲ್ಲ. ಬಸ್ ನಿಲ್ದಾಣದ ಫಲಕಗಳಲ್ಲಿ ಊರಿನ ಹೆಸರನ್ನು ಹುಡುಕಬೇಕಾಗಿಲ್ಲ. ‘ಟು ಸಿಟಿ’ ಅಥವಾ ‘ಔಟ್ ಆಫ್ ಸಿಟಿ’, ಎರಡೇ ದಿಕ್ಕು. ಮಕ್ಕಳು ಟೈ ಕಟ್ಟಿ ಶಾಲೆಗೆ ಹೋಗುತ್ತಾರೆ, ಹನ್ನೊಂದರ ವಯಸ್ಸಿಗೆ ಬರೆಯಬೇಕಾದ ಪ್ರವೇಶ ಪರೀಕ್ಷೆಗೆ ನಮ್ಮಲ್ಲಿಯಂತೆಯೇ ಟ್ಯೂಷನ್ನಿಗೂ ಓಡುತ್ತಾರೆ. ನಲ್ಲಿಯ ನೀರು ಸುಣ್ಣಕಲ್ಲಿನ ಪದರಗಳಲ್ಲಿ ಸೋಸಿ ಬಂದದ್ದು, ಹಾಗೆಯೇ ಕುಡಿಯಬಹುದು. ಮಾಡು ಮಾಡಿನ ಮೇಲೂ ಸೋಲಾರ್ ಹೀಟರ್. ಇಷ್ಟೆಲ್ಲ ಅಚ್ಚುಕಟ್ಟಾಗಿರುವ ನಾಡು ಊಟಕ್ಕೆ ಮಾತ್ರ ಹಡಗಿನ ದಾರಿ ಕಾಯುವುದೇಕೆ?

ಉತ್ತರ ಕಬ್ಬಿನಲ್ಲಿದೆ. 1627ರಲ್ಲಿ ಇಂಗ್ಲಿಷರು ಇಲ್ಲಿ ನೆಲೆಯೂರಿದರು. 1640ರ ದಶಕದಲ್ಲಿ ಸಕ್ಕರೆಯ ಲಾಭದ ರುಚಿ ಹತ್ತಿತು. ಕಾಡು ಕಡಿದು ದ್ವೀಪದ ತುಂಬ ಕಬ್ಬು ನೆಟ್ಟರು, ದುಡಿಯಲು ಆಫ್ರಿಕಾದಿಂದ ಜನರನ್ನು ಗುಲಾಮರಾಗಿ ತಂದರು. ಅನ್ನ ಬೆಳೆಯಬಹುದಾದ ನೆಲದಲ್ಲಿ ಸಕ್ಕರೆ ಬೆಳೆದು, ಹೊಟ್ಟೆಗೆ ಬೇಕಾದದ್ದನ್ನು ಹೊರಗಿನಿಂದ ತರಿಸುವ ಪದ್ಧತಿ ಅಂದಿನದು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಆಹಾರದ ಹಡಗುಗಳು ನಿಂತಾಗ ಕೆರಿಬಿಯನ್ನಿನ ಗುಲಾಮರು ಹಸಿವಿನಿಂದ ಸತ್ತರು. ತೋಟದ ಧಣಿಗಳಿಗೆ ಆಗ ಅಗ್ಗದ ಆಹಾರವೊಂದು ಬೇಕಾಯಿತು. ಅದಕ್ಕಾಗಿ ಕ್ಯಾಪ್ಟನ್ ವಿಲಿಯಂ ಬ್ಲೈ ತಹೀಟಿಯಿಂದ ಒಂದು ಮರದ ಸಸಿ ತರಲು ಹೊರಟ. ಮೊದಲ ಸಲ, 1789ರಲ್ಲಿ, ‘ಬೌಂಟಿ’ ಹಡಗಿನ ನಾವಿಕರು ದಂಗೆಯೆದ್ದು ಅವನನ್ನೇ ದೋಣಿಗಿಳಿಸಿ ಕಳಿಸಿದರು. ಛಲ ಬಿಡದೆ ಮತ್ತೆ ಹೋಗಿ 1793ರಲ್ಲಿ ಸೇಂಟ್ ವಿನ್ಸೆಂಟ್ ಮತ್ತು ಜಮೈಕಾಗಳಿಗೆ ಸಸಿ ಮುಟ್ಟಿಸಿದ. ಆ ಸಸಿ ಯಾವುದು ಎನ್ನುತ್ತೀರಿ? ನಮ್ಮ ಕರಾವಳಿಯ ಜೀಗುಜ್ಜೆ!

ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಜೀಗುಜ್ಜೆ ಕೊಟ್ಟು, ಕೆಂಡದಲ್ಲಿ ಸುಟ್ಟು ಬೆಣ್ಣೆ ಹಚ್ಚಿ ತಿನ್ನಲು ಹೇಳಿದರು. ನಾವು ಕಡಲೆಹಿಟ್ಟಿನಲ್ಲಿ ಅದ್ದಿ ಪೋಡಿ ಕರಿದು ತಟ್ಟೆ ವಾಪಸು ಕಳಿಸಿದೆವು. ಫೋನಿನಲ್ಲಿ ಹೇಳಿದರೆ ಅಮ್ಮನಿಗೆ ನಂಬಿಕೆಯೇ ಇಲ್ಲ: “ಅಲ್ಲಿಯೂ ಜೀಗುಜ್ಜೆ ಉಂಟಾ ಮಗಾ? ಮತ್ತೆ ಎಂತಕ್ಕೆ ತರಕಾರಿ ಇಲ್ಲ ಅಂತ ಹೇಳ್ತಿ?” ನ್ಯಾಯವಾದ ಪ್ರಶ್ನೆ. ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ, ನಮ್ಮ ಮುದ್ದೆಯಂತೆ ಕೋಲಿನಲ್ಲಿ ತೊಳಸುವ ಕೂಕೂ ಇಲ್ಲಿಯವರ ಊಟ. ಜೊತೆಗೆ ಹಾರುಮೀನಿನ ಸಾರು. ನಾವೋ ಹೂಕೋಸು ಹುಡುಕಿಕೊಂಡು ಕಪಾಟಿನಿಂದ ಕಪಾಟಿಗೆ ಅಲೆಯುತ್ತಿದ್ದೆವು.

ಈ ಅಲೆದಾಟದಲ್ಲಿ ಇನ್ನೊಂದು ವಿಷಯ ಕಲಿತೆವು. ಅಂಗಡಿಗೆ ಕಾಲಿಟ್ಟು ನೇರವಾಗಿ ‘ಬ್ರೆಡ್ ಇದೆಯಾ’ ಎಂದರೆ ಉತ್ತರ ಸಿಗುವುದಿಲ್ಲ. ಮೊದಲು ‘ಗುಡ್ ಮಾರ್ನಿಂಗ್’ ಹೇಳಬೇಕು, ಆಮೇಲೆ ಬ್ರೆಡ್ಡಿನ ಮಾತು. ವ್ಯಾನ್ ಹತ್ತಿದರೂ ಒಳಗಿದ್ದವರಿಗೆಲ್ಲ ಒಂದು ನಮಸ್ಕಾರ ಸಲ್ಲಬೇಕು. ಬೆಂಗಳೂರಿನ ಬಸ್ಸಿನಲ್ಲಿ ಹೀಗೆ ಮಾಡಿದರೆ ಜನ ಪಾಕೀಟು ಮುಟ್ಟಿ ನೋಡಿಕೊಂಡಾರು.

2024ರ ಜೂನ್ 29ರಂದು ಇಲ್ಲಿನ ಕೆನ್ಸಿಂಗ್ಟನ್ ಓವಲ್‌ನಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಿತು. ಅದರ ಬೆನ್ನಿಗೇ ಬೆರಿಲ್ ಚಂಡಮಾರುತ ಬಂದು ತಂಡ ಇಲ್ಲೇ ಸಿಕ್ಕಿಹಾಕಿಕೊಂಡಿತು. ಊರಿನಿಂದ ಬಂದ ಕರೆಗಳಲ್ಲೆಲ್ಲ ಒಂದೇ ವಿಚಾರಣೆ: ತಂಡದ ವಿಮಾನ ಯಾವಾಗ? ತಂಡ ಜುಲೈ 4ರಂದು ದೆಹಲಿ ಮುಟ್ಟಿತು. ಬ್ರಿಡ್ಜ್‌ಟೌನ್ ಬಂದರಿನಲ್ಲಿ ಒಂದಕ್ಕೊಂದು ಬಡಿದು ಒಡೆದ ಮೀನುಗಾರರ ದೋಣಿಗಳ ಬಗ್ಗೆ ಒಬ್ಬರೂ ಕೇಳಲಿಲ್ಲ. ಕೂಕೂ ಜೊತೆಗಿನ ಹಾರುಮೀನು ಬರುವುದು ಆ ದೋಣಿಗಳಲ್ಲಿಯೇ. ಹೊರಗಿನ ಹಡಗಿಗೆ ಕಾಯದೆ ಬರುವ ಅಷ್ಟಿಷ್ಟು ಊಟವನ್ನೂ ಗಾಳಿ ಕಸಿದುಕೊಂಡಿತು.

ಇಲ್ಲಿಗೆ ಸಂಸಾರ ಹೂಡಲು ಬರುವವರಿದ್ದರೆ ಸೂಟ್‌ಕೇಸಿನಲ್ಲಿ ಅಕ್ಕಿ ಬೇಳೆ ತುಂಬಬೇಡಿ, ಸಾರಿನ ಪುಡಿ ಸಾಕು. ಸಮುದ್ರ ಕಾಣುವ ಮನೆಗಿಂತ ಹಿತ್ತಲಿರುವ ಮನೆ ನೋಡಿ, ಬೆಂಡೆ ಬಿತ್ತಿ. ಚಂಡಮಾರುತದ ಕಾಲ ಜೂನ್ 1ಕ್ಕೆ ಶುರು. ಕಿಟಕಿಗೆ ಪ್ಲೈವುಡ್ ಹಲಗೆಯನ್ನು ಮೇ ತಿಂಗಳಲ್ಲೇ ಅಳತೆಗೆ ಕೊಯ್ಸಿಟ್ಟುಕೊಳ್ಳಿ.